ಡಬ್ಬದಲ್ಲಿರುವ ನಾಣ್ಯಕ್ಕೆ ಎರಡು ಲಕ್ಷ ಬರುತ್ತಾ?

ಹೋದ ತಿಂಗಳು ದೋಹಾದ ಆಫೀಸಿನಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ಮೊಬೈಲ್ ತೋರಿಸಿದ. "ಸಾರ್, ಊರಲ್ಲಿ ಅಪ್ಪ ಈ ನಾಣ್ಯ ಮಾರ್ತಿದಾರೆ, ಎರಡು ಲಕ್ಷ ಬರುತ್ತಂತೆ." ನೋಡಿದರೆ 2012ರ ವೈಷ್ಣೋದೇವಿ ಚಿತ್ರದ ಐದು ರೂಪಾಯಿ. ಕೊಳ್ಳುವವನು "ಆರ್‌ಬಿಐ ಶುಲ್ಕ" ಎಂದು 8,500 ರೂಪಾಯಿ ಕೇಳಿದ್ದ. ಅಪ್ಪ ಕಳಿಸಿಯೂ ಆಗಿತ್ತು.

ಮಾರುವವನೇ ಕೊಳ್ಳುವವನಿಗೆ ದುಡ್ಡು ಕೊಡುವ ವ್ಯಾಪಾರ ಎಲ್ಲಾದರೂ ಉಂಟೇ? ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಕಮಿಷನ್ ಕೇಳುವುದಿಲ್ಲ ಎಂದು ಆರ್‌ಬಿಐ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ಹಾಗಂತ ಯಾವ ನಾಣ್ಯಕ್ಕೂ ಬೆಲೆ ಇಲ್ಲವೆಂದಲ್ಲ. ಮೊದಲು ವೆರೈಟಿ ಯಾವುದು, ಎರರ್ ಯಾವುದು ತಿಳಿಯಬೇಕು. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. 1985ರ ಕೆಲವು ಒಂದು ರೂಪಾಯಿ ನಾಣ್ಯಗಳಲ್ಲಿ 'ಎಚ್' ಅಕ್ಷರವಿದೆ, ಅವು ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾದವು. ಇವೆಲ್ಲ ವೆರೈಟಿ, ತಪ್ಪಲ್ಲ.

ಎರರ್ ಎಂದರೆ ಟಂಕಸಾಲೆಯೊಳಗೇ ಆದ ಎಡವಟ್ಟು. ಬಿಲ್ಲೆ ಸರಿದು ಚಿತ್ರ ಒಂದು ಪಕ್ಕಕ್ಕೆ ಬೀಳುವುದು, ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು ಮುಂದಿನದರ ಮೇಲೆ ಅದರ ಮುಖ ಕನ್ನಡಿಯಲ್ಲಿ ಕಂಡಂತೆ ತಗ್ಗಾಗಿ ಮೂಡುವುದು, ಹೀಗೆ. ಹೊರಗೆ ಬಂದ ಮೇಲೆ ಸುತ್ತಿಗೆಗೋ ಆಸಿಡ್‌ಗೋ ಸಿಕ್ಕಿದ್ದು ಬರೀ ಹಾಳಾದ ನಾಣ್ಯ. ಒಂದು ಪರೀಕ್ಷೆ ಹೇಳುತ್ತೇನೆ. ಅಂಚು ಕಚ್ಚಿ ತೆಗೆದಂತಿದ್ದರೆ ಅದರ ನೇರ ಎದುರಿನ ಅಂಚನ್ನು ನೋಡಿ. ನಿಜವಾದ ಎರರ್ ಆಗಿದ್ದರೆ ಅಲ್ಲಿಯ ಏಣು ಸಾಮಾನ್ಯವಾಗಿ ಮಸುಕಾಗಿರುತ್ತದೆ. ಅರ ಹಾಕಿ ಉಜ್ಜಿದ್ದಾದರೆ ಏಣು ಗಟ್ಟಿಯಾಗೇ ಇರುತ್ತದೆ.

ನನ್ನ ಒಲವು ಇಲ್ಲಿಯ ಚರಿತ್ರೆಯತ್ತ. ಆರ್‌ಬಿಐ 1959ರಲ್ಲಿ ಹೊರತಂದ ಗಲ್ಫ್ ರೂಪಾಯಿ ಕತಾರ್‌ನಲ್ಲೂ ಓಡುತ್ತಿತ್ತು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯವಾಯಿತು, ಅದೇ ವರ್ಷ ಕತಾರ್ ಮತ್ತು ದುಬೈ ಜೊತೆಯಾಗಿ ಜಿಂಕೆ ಚಿತ್ರದ ನಾಣ್ಯ ತಂದವು. ಕತಾರ್‌ಗೆ ಸ್ವಂತ ರಿಯಾಲ್ ಬಂದದ್ದು 1973ರಲ್ಲಿ. ಆ ಜಿಂಕೆ ನಾಣ್ಯ ಕೆಲವು ನನ್ನಲ್ಲಿವೆ. ನೆಟ್‌ವರ್ತ್ ಶೀಟಿನಲ್ಲಿ ಮಾತ್ರ ಅವುಗಳ ಬೆಲೆ ಸೊನ್ನೆ ಎಂದೇ ಬರೆದಿದ್ದೇನೆ: ಬಡ್ಡಿಯಿಲ್ಲ, ಡಿವಿಡೆಂಡ್ ಇಲ್ಲ, ಬೇಕೆಂದಾಗ ಕೊಳ್ಳುವವರೂ ಇಲ್ಲ.

ಊರಿನಿಂದ ಅಜ್ಜನ ಕಾಲದ ನಾಣ್ಯ ತರುವವರು ಗಮನಿಸಿ. ನೂರು ವರ್ಷ ದಾಟಿದ್ದು 1972ರ ಕಾಯ್ದೆಯಲ್ಲಿ ಪುರಾತನ ವಸ್ತು, ಸೂಟ್‌ಕೇಸಿನಲ್ಲಿಟ್ಟು ಭಾರತದಿಂದ ಹೊರಗೆ ತರುವಂತಿಲ್ಲ.

ಹುಡುಗನ ಅಪ್ಪ 1930ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದಾರೆ. ಹಣ ಇನ್ನೂ ಬಂದಿಲ್ಲ. ನಾಣ್ಯ ಅವರ ಹತ್ತಿರವೇ ಇದೆ, ಅಂಗಡಿಯಲ್ಲಿ ಐದು ರೂಪಾಯಿಗೆ ನಡೆಯುತ್ತದೆ.