ಚೊಚ್ಚಲ ಕೃತಿ ಮತ್ತು ಓದುಗರ ತೀರ್ಪು: ‘ದಿ ಸೋರ್ಡ್ ಆಫ್ ಶನಾರಾ’ ಕಾದಂಬರಿಯ ಸ್ವೀಕಾರವನ್ನು ಕುರಿತ ಒಂದು ಅಧ್ಯಯನ

ಹೊಸ ಲೇಖಕರೊಬ್ಬರ ಮೊದಲ ಕೃತಿ ಪ್ರಕಟವಾದಾಗ ಓದುಗರಲ್ಲಿ ಮೂಡುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಇದು ಯಾವುದರಂತಿದೆ? ಹೆಸರಾಂತ ಲೇಖಕರ ಹತ್ತನೆಯ ಕೃತಿಯನ್ನು ಅವರವೇ ಆದ ಹಿಂದಿನ ಒಂಬತ್ತು ಕೃತಿಗಳ ಪಕ್ಕದಲ್ಲಿಟ್ಟು ನೋಡಬಹುದು. ಚೊಚ್ಚಲ ಕೃತಿಗೆ ಆ ಆಸರೆಯಿಲ್ಲ. ಆದುದರಿಂದ ಓದುಗರು ತಾವು ಹಿಂದೆ ಓದಿದ ಅನ್ಯರ ಕೃತಿಗಳನ್ನೇ ಅಳತೆಗೋಲಾಗಿ ಹಿಡಿಯುತ್ತಾರೆ. ಒಂದೇ ಪುಸ್ತಕವನ್ನು ಒಬ್ಬರು ‘ಬರಿಯ ನಕಲು’ ಎಂದು ತಳ್ಳಿಹಾಕುವುದಕ್ಕೂ ಮತ್ತೊಬ್ಬರು ‘ಅಪೂರ್ವ’ ಎಂದು ಎದೆಗಪ್ಪಿಕೊಳ್ಳುವುದಕ್ಕೂ ಈ ಅಳತೆಗೋಲುಗಳ ಭೇದವೇ ಮುಖ್ಯ ಕಾರಣ. ಓದುಗರ ಪ್ರತಿಕ್ರಿಯೆಯನ್ನು ಸಾಹಿತ್ಯಾಧ್ಯಯನದ ಸಾಮಗ್ರಿಯಾಗಿ ಬಳಸುವುದು ಹೇಗೆ ಎಂಬುದನ್ನು ತಿಳಿಯಲು 1977ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಟೆರ್ರಿ ಬ್ರೂಕ್ಸ್ ಅವರ ‘ದಿ ಸೋರ್ಡ್ ಆಫ್ ಶನಾರಾ’ ಎಂಬ ಮೊದಲ ಕಾದಂಬರಿ ಉತ್ತಮ ನಿದರ್ಶನ.

ಕೃತಿಯ ಹಿನ್ನೆಲೆ

ವೀರಕಥನ, ಮಾಯಾಶಕ್ತಿ, ಸಂಪೂರ್ಣವಾಗಿ ಕಲ್ಪಿತವಾದ ಭೂಗೋಲ ಮತ್ತು ಚರಿತ್ರೆ, ಲೋಕದ ಅಳಿವು ಉಳಿವುಗಳನ್ನು ನಿರ್ಧರಿಸುವ ಮಹಾಸಂಗ್ರಾಮ – ಇವು ಕೂಡಿದ ಕಾದಂಬರಿ ಪ್ರಕಾರಕ್ಕೆ ‘ಎಪಿಕ್ ಫ್ಯಾಂಟಸಿ’ ಎಂಬ ಹೆಸರು ರೂಢಿಯಲ್ಲಿದೆ. ಇಂಗ್ಲಿಷಿನಲ್ಲಿ ಈ ಪ್ರಕಾರಕ್ಕೆ ಮಾದರಿಯಾಗಿ ನಿಂತದ್ದು ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. ಅದು 1954–55ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಿತು. 1965ರಲ್ಲಿ ಅಮೆರಿಕದಲ್ಲಿ ಅಗ್ಗದ ಕಾಗದದ ರಟ್ಟಿನ ಆವೃತ್ತಿಗಳು ಬಂದ ಮೇಲೆ ಅದರ ಓದುಗರ ಬಳಗ ಬಹಳವಾಗಿ ಬೆಳೆಯಿತು. 1973ರಲ್ಲಿ ಟೋಲ್ಕಿನ್ ತೀರಿಕೊಂಡರು. ಅಂತಹ ಇನ್ನೊಂದು ಕತೆಗಾಗಿ ಹಂಬಲಿಸುವ ಓದುಗರು ಇದ್ದರು, ಕತೆ ಮಾತ್ರ ಇರಲಿಲ್ಲ.

1944ರಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ಜನಿಸಿದ ಬ್ರೂಕ್ಸ್ ವೃತ್ತಿಯಿಂದ ವಕೀಲರಾಗಿದ್ದರು. ಕಾನೂನು ವ್ಯಾಸಂಗದ ಕಾಲದಲ್ಲಿ, 1967ರಲ್ಲಿ, ಅವರು ಈ ಕಾದಂಬರಿಯನ್ನು ಆರಂಭಿಸಿದರು. ಅದನ್ನು ಮುಗಿಸಲು ಹಲವು ವರ್ಷಗಳು ಹಿಡಿದವು. ಬ್ಯಾಲಂಟೈನ್ ಪ್ರಕಾಶನದ ಸಂಪಾದಕರಾದ ಲೆಸ್ಟರ್ ಡೆಲ್ ರೇ ಹಸ್ತಪ್ರತಿಯನ್ನು ಮೆಚ್ಚಿ, ಹೊಸದಾಗಿ ಹುಟ್ಟಿಕೊಂಡ ‘ಡೆಲ್ ರೇ’ ಮುದ್ರೆಯಡಿ ಅದನ್ನು ಪ್ರಕಟಿಸಿದರು. ಚಿತ್ರಗಳನ್ನು ಬರೆದವರು ಹಿಲ್ಡೆಬ್ರಾಂಟ್ ಸಹೋದರರು. ಟೋಲ್ಕಿನ್ ಕೃತಿಯನ್ನು ಆಧರಿಸಿದ ಕ್ಯಾಲೆಂಡರುಗಳ ಮೂಲಕ ಇವರ ಕುಂಚ ಓದುಗರಿಗೆ ಆಗಲೇ ಚಿರಪರಿಚಿತವಾಗಿತ್ತು. ಹೀಗಾಗಿ ಮೊದಲ ಪುಟವನ್ನು ತೆರೆಯುವ ಮುನ್ನವೇ, ರಕ್ಷಾಪುಟದ ಚಿತ್ರವನ್ನು ನೋಡಿದ ಮಾತ್ರಕ್ಕೆ, ಓದುಗರ ಮನಸ್ಸಿನಲ್ಲಿ ಟೋಲ್ಕಿನ್ ನೆನಪು ಎಚ್ಚರಗೊಳ್ಳುತ್ತಿತ್ತು. ಕೃತಿಯನ್ನು ಕುರಿತ ನಿರೀಕ್ಷೆಯನ್ನು ಕೃತಿಯೊಂದೇ ನಿರ್ಮಿಸುವುದಿಲ್ಲ. ಪ್ರಕಾಶಕರು, ಚಿತ್ರಕಾರರು, ಮಾರುಕಟ್ಟೆ ಎಲ್ಲರೂ ಅದರಲ್ಲಿ ಪಾಲುದಾರರು.

ಕತೆ ಮತ್ತು ಹೋಲಿಕೆಗಳು

ಶೇಡಿ ವೇಲ್ ಎಂಬ ಪ್ರಶಾಂತವಾದ ಹಳ್ಳಿ. ಅಲ್ಲಿ ಶಿಯಾ ಎಂಬ ತರುಣ, ತನ್ನನ್ನು ಸಾಕಿದ ಮನೆಯ ಮಗನಾದ ಫ್ಲಿಕ್‌ನೊಡನೆ ಬಾಳುತ್ತಿದ್ದಾನೆ. ಅಲನಾನ್ ಎಂಬ ನಿಗೂಢ ಸಂಚಾರಿ ಬಂದು, ವಾರ್ಲಾಕ್ ಲಾರ್ಡ್ ಎಂಬ ದುಷ್ಟಶಕ್ತಿ ಮತ್ತೆ ತಲೆಯೆತ್ತಿದೆಯೆಂದೂ ಅದನ್ನು ಎದುರಿಸಬಲ್ಲ ಖಡ್ಗವನ್ನು ಹಿಡಿಯಲು ಶನಾರಾ ವಂಶದಲ್ಲಿ ಉಳಿದವನು ಶಿಯಾ ಒಬ್ಬನೇ ಎಂದೂ ತಿಳಿಸುತ್ತಾನೆ. ಕರಾಳ ಚರರು ಬೆನ್ನಟ್ಟುತ್ತಾರೆ. ಸಭೆ ಸೇರುತ್ತದೆ. ಮನುಷ್ಯರು, ಕುಬ್ಜರು, ಎಲ್ಫ್ ಕುಲದವರು ಕೂಡಿದ ತಂಡವೊಂದು ಖಡ್ಗವನ್ನರಸಿ ಹೊರಡುತ್ತದೆ.

ಟೋಲ್ಕಿನ್ ಕೃತಿಯನ್ನು ಬಲ್ಲವರಿಗೆ ಹೋಲಿಕೆಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಶಿಯಾನಲ್ಲಿ ಫ್ರೋಡೋ, ಅಲನಾನ್‌ನಲ್ಲಿ ಗ್ಯಾಂಡಾಲ್ಫ್, ಬೆನ್ನಟ್ಟುವ ಚರರಲ್ಲಿ ಕಪ್ಪು ಸವಾರರು ಕಾಣಿಸುತ್ತಾರೆ. ಶತ್ರುವಿನೊಡನೆ ಕಾದಾಡುತ್ತ ಅಗ್ನಿಕೂಪಕ್ಕೆ ಉರುಳಿದ ಅಲನಾನ್ ಮುಂದೆ ಜೀವಂತನಾಗಿ ಮರಳುವ ಪ್ರಸಂಗವೂ ಪರಿಚಿತವಾದುದೇ. ಖಡ್ಗದ ಮೋಹಕ್ಕೆ ಸಿಲುಕಿ ಬುದ್ಧಿ ಕಳೆದುಕೊಳ್ಳುವ ಆರ್ಲ್ ಫೇನ್ ಎಂಬ ಪಾತ್ರ ಗಾಲಮ್‌ನನ್ನು ನೆನಪಿಸುತ್ತದೆ.

ಹೋಲದ ಅಂಶಗಳೂ ಇವೆ. ಈ ಕತೆ ನಡೆಯುವುದು ಮರೆತುಹೋದ ಪ್ರಾಚೀನ ಕಾಲದಲ್ಲಲ್ಲ. ಮಹಾಯುದ್ಧಗಳಿಂದ ನಮ್ಮ ಈ ನಾಗರಿಕತೆಯೇ ನಾಶವಾದ ಬಳಿಕ ಬರುವ ದೂರದ ಭವಿಷ್ಯದಲ್ಲಿ. ಕುಬ್ಜರು, ಟ್ರೋಲ್‌ಗಳು ಆ ವಿನಾಶದ ತರುವಾಯ ರೂಪುಗೊಂಡ ಕುಲಗಳು. ಒಂದು ಕೈ ಕಳೆದುಕೊಂಡ ಕಳ್ಳ ಪ್ಯಾನಮಾನ್ ಕ್ರೀಲ್ ಮತ್ತು ಅವನ ಮೌನಿ ಸಂಗಾತಿ ಕೆಲ್ಟ್‌ಸೆಟ್ ಸಾಹಸ ಕಾದಂಬರಿಗಳ ಪರಂಪರೆಯಿಂದ ಬಂದವರು. ಎಲ್ಲಕ್ಕಿಂತ ಮುಖ್ಯವಾದುದು ಖಡ್ಗದ ಸ್ವರೂಪ. ಅದರ ಶಕ್ತಿ ಅದರ ಅಲಗಿನಲ್ಲಿಲ್ಲ. ಹಿಡಿದವನಿಗೂ ಎದುರಾಳಿಗೂ ಅವರವರ ನಿಜವನ್ನು ಅದು ತೋರಿಸುತ್ತದೆ. ಶಿಯಾ ಮೊದಲು ತನ್ನ ದೌರ್ಬಲ್ಯಗಳನ್ನು ಕಂಡು ಸಹಿಸಬೇಕು. ತಾನು ಎಂದೋ ಸತ್ತವನು, ಬದುಕಿದ್ದೇನೆಂಬ ಭ್ರಮೆಯಿಂದ ಮಾತ್ರ ಉಳಿದಿರುವವನು ಎಂಬ ಸತ್ಯವನ್ನು ತಾಳಲಾರದೆ ವಾರ್ಲಾಕ್ ಲಾರ್ಡ್ ಅಳಿದುಹೋಗುತ್ತಾನೆ.

ಪ್ರತಿಕ್ರಿಯೆಯ ಮೂರು ನೆಲೆಗಳು

ಸಾಮಾನ್ಯ ಓದುಗರು ಕಾದಂಬರಿಯನ್ನು ಕೈತುಂಬ ಸ್ವೀಕರಿಸಿದರು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಕಾಗದದ ರಟ್ಟಿನ ಪುಸ್ತಕಗಳ ಜನಪ್ರಿಯತೆಯ ಪಟ್ಟಿಯಲ್ಲಿ ಅದು ತಿಂಗಳುಗಟ್ಟಲೆ ಉಳಿಯಿತು. ಹೊಸಬರೊಬ್ಬರು ಬರೆದ ಇಂತಹ ಕತೆಗೂ ವಿಶಾಲವಾದ ಓದುಗ ಸಮುದಾಯವಿದೆಯೆಂಬುದು ಪ್ರಕಾಶಕರಿಗೆ ಮನದಟ್ಟಾಯಿತು.

ಎರಡನೆಯದು ಕಟುನಿಂದೆ. ಈ ಪ್ರಕಾರದ ಹಳೆಯ ಕೃತಿಗಳನ್ನು ಶ್ರಮವಹಿಸಿ ಮರುಮುದ್ರಣಕ್ಕೆ ತಂದಿದ್ದ ಸಂಪಾದಕ ಲಿನ್ ಕಾರ್ಟರ್, ಇದು ಮತ್ತೊಬ್ಬರ ಪುಸ್ತಕದ ನಿರ್ದಯ ಅಪಹರಣವೆಂದು ತೀರ್ಪಿತ್ತರು. ಬಹುಕಾಲದ ಓದಿನಿಂದ ಪರಂಪರೆಯ ವೈವಿಧ್ಯವನ್ನು ಬಲ್ಲವರ ಸಿಟ್ಟು ಅದು. ಇಷ್ಟೊಂದು ದಾರಿಗಳಿರುವಾಗ ತುಳಿದ ದಾರಿಯನ್ನೇ ಮತ್ತೆ ತುಳಿಯುವುದೇಕೆ ಎಂಬ ಆಕ್ಷೇಪ ಅದರ ಹಿಂದಿದೆ.

ಮೂರನೆಯದು ವಿವೇಚನೆಯ ನೆಲೆ. ‘ಡ್ಯೂನ್’ ಕಾದಂಬರಿಯ ಕರ್ತೃ ಫ್ರಾಂಕ್ ಹರ್ಬರ್ಟ್ ತಮ್ಮ ವಿಮರ್ಶೆಯಲ್ಲಿ ಟೋಲ್ಕಿನ್ ಪ್ರಭಾವವನ್ನು ಮರೆಮಾಚದೆ ಹೇಳಿದರು. ಕತೆ ಮುಂದುವರಿದಂತೆ ಬ್ರೂಕ್ಸ್ ತಮ್ಮದೇ ಧ್ವನಿಯನ್ನು ಕಂಡುಕೊಳ್ಳುತ್ತಾರೆಂಬುದನ್ನೂ ಗುರುತಿಸಿದರು. ಎಲ್ಲ ಲೇಖಕರೂ ಯಾರಿಗಾದರೂ ಋಣಿಗಳೇ ಎಂಬುದು ಅವರ ನಿಲುವು. ಟೋಲ್ಕಿನ್ ವಿದ್ವಾಂಸರಾದ ಟಾಮ್ ಶಿಪ್ಪಿ 2000ದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹೋಲಿಕೆಗಳನ್ನು ಒಂದೊಂದಾಗಿ ತೋರಿಸಿದರು. ಅಸಲು ವಸ್ತು ದೊರೆಯದಿದ್ದರೆ ಅದರ ಬದಲಿಯನ್ನಾದರೂ ಬಯಸುವಷ್ಟು ಗಾಢವಾದ ಅಭಿರುಚಿ ಓದುಗರಲ್ಲಿ ಬೇರೂರಿತ್ತು ಎಂಬುದಕ್ಕೆ ಈ ಯಶಸ್ಸು ಸಾಕ್ಷಿಯೆಂಬುದು ಅವರ ವಿವರಣೆ. ಇಲ್ಲಿ ಗಮನ ಕೃತಿಯಿಂದ ಓದುಗರ ಕಡೆಗೆ ಹೊರಳುತ್ತದೆ.

ನಿರೀಕ್ಷೆಯ ದಿಗಂತ

ಈ ಹೊರಳುವಿಕೆಗೆ ಸೈದ್ಧಾಂತಿಕ ತಳಹದಿಯನ್ನು ಒದಗಿಸಿದವರು ಜರ್ಮನಿಯ ಹಾನ್ಸ್ ರಾಬರ್ಟ್ ಯಾವುಸ್. 1967ರಲ್ಲಿ ಅವರು ಮಂಡಿಸಿದ ವಿಚಾರದಂತೆ, ಯಾವ ಓದುಗರೂ ಬರಿಗೈಯಲ್ಲಿ ಕೃತಿಯ ಬಳಿಗೆ ಬರುವುದಿಲ್ಲ. ಪ್ರಕಾರದ ಪರಿಚಯ, ಹಿಂದಿನ ಓದು, ಕಾಲದ ಅಭಿರುಚಿ ಇವೆಲ್ಲ ಕೂಡಿ ‘ನಿರೀಕ್ಷೆಯ ದಿಗಂತ’ವೊಂದು ಏರ್ಪಟ್ಟಿರುತ್ತದೆ. ಕೃತಿಯು ಆ ದಿಗಂತವನ್ನು ತೃಪ್ತಿಪಡಿಸಬಹುದು, ಕದಡಬಹುದು, ಇಲ್ಲವೇ ವಿಸ್ತರಿಸಬಹುದು. ದಿಗಂತದೊಳಗೇ ಉಳಿಯುವ ಕೃತಿ ಸುಲಭವಾಗಿ ರುಚಿಸುತ್ತದೆ. ಅದನ್ನು ಮೀರುವ ಕೃತಿ ಆರಂಭದಲ್ಲಿ ಪ್ರತಿರೋಧವನ್ನು ಎದುರಿಸುತ್ತದೆ.

‘ಶನಾರಾ’ ಸ್ವೀಕಾರದಲ್ಲಿ ಓದಿನ ಕ್ರಮವೇ ನಿರ್ಣಾಯಕ. ಮೊದಲು ಟೋಲ್ಕಿನ್‌ರನ್ನು ಓದಿ ಅನಂತರ ಬ್ರೂಕ್ಸ್‌ರ ಬಳಿಗೆ ಬಂದವರಿಗೆ ಈ ಕಾದಂಬರಿ ಪ್ರತಿಧ್ವನಿ. ಎಳೆಯ ವಯಸ್ಸಿನಲ್ಲಿ ಬ್ರೂಕ್ಸ್‌ರನ್ನೇ ಮೊದಲು ಓದಿದವರಿಗೆ ಅದು ಹೆಬ್ಬಾಗಿಲು. ಅಕ್ಷರಗಳು ಅವೇ, ಅನುಭವ ಬೇರೆ. ಎರಡನೆಯ ಗುಂಪಿನವರ ಆನಂದವನ್ನು ಅಜ್ಞಾನವೆಂದು ಹೀಗಳೆಯುವುದು ಸಲ್ಲದು. ಮೊದಲ ಗುಂಪಿನವರ ಬೇಸರವನ್ನು ಅಸೂಯೆಯೆಂದು ತಳ್ಳುವುದೂ ಸಲ್ಲದು. ಎರಡೂ ನಿಜವಾದ ಅನುಭವಗಳೇ. ಎರಡಕ್ಕೂ ಅವುಗಳ ದಿಗಂತವನ್ನು ಸೇರಿಸಿ ಹೇಳಿದಾಗ ಮಾತ್ರ ಅವು ವಿಮರ್ಶೆಯಾಗುತ್ತವೆ.

ಅದೇ ವರ್ಷದ ಇನ್ನೊಂದು ಚೊಚ್ಚಲ ಕೃತಿ

1977ರಲ್ಲೇ ಸ್ಟೀಫನ್ ಆರ್. ಡೊನಾಲ್ಡ್‌ಸನ್ ಅವರ ಮೊದಲ ಕಾದಂಬರಿ ‘ಲಾರ್ಡ್ ಫೌಲ್ಸ್ ಬೇನ್’ ಪ್ರಕಟವಾಯಿತು. ಅನೇಕ ಪ್ರಕಾಶಕರು ಹಿಂತಿರುಗಿಸಿದ್ದ ಆ ಹಸ್ತಪ್ರತಿಯನ್ನು ಕೊನೆಗೆ ಒಪ್ಪಿದವರೂ ಲೆಸ್ಟರ್ ಡೆಲ್ ರೇ ಅವರೇ. ಡೊನಾಲ್ಡ್‌ಸನ್ ಅವರ ಬಾಲ್ಯ ಕಳೆದದ್ದು ಭಾರತದಲ್ಲಿ. ಅವರ ತಂದೆ ಇಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ವೈದ್ಯರು. ಕಾದಂಬರಿಯ ನಾಯಕ ಥಾಮಸ್ ಕವೆನೆಂಟ್ ಕುಷ್ಠರೋಗಿ. ಹೆಂಡತಿ ಬಿಟ್ಟುಹೋಗಿದ್ದಾಳೆ, ಊರು ದೂರವಿಟ್ಟಿದೆ. ಮಾಯಾಲೋಕಕ್ಕೆ ಬಂದು ಬಿದ್ದರೂ ಅದನ್ನು ನಿಜವೆಂದು ನಂಬಲು ಅವನು ಒಪ್ಪುವುದಿಲ್ಲ. ತನಗೆ ನೆರವಾದ ತರುಣಿಯ ಮೇಲೆ ಅವನು ಅತ್ಯಾಚಾರವೆಸಗುವ ಪ್ರಸಂಗದಲ್ಲಿ ಪುಸ್ತಕವನ್ನು ಮುಚ್ಚಿಟ್ಟ ಓದುಗರು ಬಹಳ. ಅಪರಾಧದ ಪಾಪಭಾರ ಮುಂದಿನ ಕತೆಯುದ್ದಕ್ಕೂ ಬೆನ್ನು ಬಿಡದಿರುವುದನ್ನು ಕಂಡು ಅದನ್ನು ಗಂಭೀರ ಕೃತಿಯೆಂದು ಗೌರವಿಸಿದವರೂ ಇದ್ದಾರೆ. 1979ರಲ್ಲಿ ಡೊನಾಲ್ಡ್‌ಸನ್ ಅವರಿಗೆ ಹೊಸ ಲೇಖಕರಿಗೆ ಸಲ್ಲುವ ಜಾನ್ ಡಬ್ಲ್ಯು. ಕ್ಯಾಂಬೆಲ್ ಪ್ರಶಸ್ತಿ ಸಂದಿತು.

ಸಂಪಾದಕರು ಒಬ್ಬರೇ, ವರ್ಷ ಒಂದೇ, ಪ್ರಕಾರ ಒಂದೇ. ಒಂದು ಕೃತಿಯ ಮೇಲೆ ಅತಿಸಾಮ್ಯದ ಆರೋಪ. ಇನ್ನೊಂದರ ಮೇಲೆ ನಾಯಕನನ್ನು ಪ್ರೀತಿಸಲು ಅವಕಾಶವನ್ನೇ ಕೊಡಲಿಲ್ಲವೆಂಬ ಆರೋಪ. ನಿರೀಕ್ಷೆಯನ್ನು ಪೂರೈಸಿದರೂ ಮುರಿದರೂ ಹೊಸ ಲೇಖಕರಿಗೆ ಪರೀಕ್ಷೆ ತಪ್ಪಿದ್ದಲ್ಲ.

ಆನಂದವರ್ಧನನ ‘ಸಂವಾದ’ ವಿಚಾರ

ಹೋಲಿಕೆಯ ಪ್ರಶ್ನೆ ಭಾರತೀಯ ಕಾವ್ಯಮೀಮಾಂಸೆಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ ಕಾವ್ಯಗಳ ನಡುವಣ ಸಾದೃಶ್ಯವನ್ನು ‘ಸಂವಾದ’ವೆಂದು ಕರೆದು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಮೊದಲನೆಯದು ಕನ್ನಡಿಯ ಪ್ರತಿಬಿಂಬದಂತಹುದು; ಅದಕ್ಕೆ ಸ್ವಂತ ಜೀವವಿಲ್ಲ. ಎರಡನೆಯದು ಬರೆದ ಚಿತ್ರದಂತಹುದು. ಅದರ ಜೀವ ಅಲ್ಪವಾದುದು. ಮೂರನೆಯದು ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂತಹುದು. ರೂಪದಲ್ಲಿ ಸಾಮ್ಯವಿದ್ದರೂ ಪ್ರಾಣ ಬೇರೆ. ಮೊದಲೆರಡನ್ನು ಕವಿ ತೊರೆಯಬೇಕು, ಮೂರನೆಯದನ್ನು ತೊರೆಯಬೇಕಾಗಿಲ್ಲ ಎಂಬುದು ಅವನ ನಿರ್ಣಯ.

ಈ ಮಾನದಂಡವನ್ನು ಇಟ್ಟು ನೋಡಿದರೆ ‘ಶನಾರಾ’ವನ್ನು ಒಂದೇ ಮಾತಿನಲ್ಲಿ ಮುಗಿಸಲಾಗದು. ಪಯಣದ ಆರಂಭ, ಸಭೆ, ಮಾರ್ಗದರ್ಶಕನ ಪತನ ಮತ್ತು ಪುನರಾಗಮನ ಇವು ಪ್ರತಿಬಿಂಬಕ್ಕೆ ಹತ್ತಿರ. ಆರ್ಲ್ ಫೇನ್ ಬರೆದ ಚಿತ್ರ. ಸತ್ಯವನ್ನು ತೋರುವ ಖಡ್ಗದ ಕಲ್ಪನೆಗಾದರೋ ತನ್ನದೇ ಪ್ರಾಣವಿದೆ: ಟೋಲ್ಕಿನ್‌ರ ಉಂಗುರ ನಾಶವಾಗಬೇಕಾದ ವಸ್ತು, ಈ ಖಡ್ಗ ಸಹಿಸಿಕೊಳ್ಳಬೇಕಾದ ವಸ್ತು. ಕಾರ್ಟರ್ ಮತ್ತು ಹರ್ಬರ್ಟ್ ಇಬ್ಬರ ಮಾತಿಗೂ ಕೃತಿಯಲ್ಲೇ ಆಧಾರವಿದೆಯೆಂಬುದು ಈ ವಿಂಗಡಣೆಯಿಂದ ಸ್ಪಷ್ಟವಾಗುತ್ತದೆ. ಅವರು ಬೇರೆ ಬೇರೆ ಭಾಗಗಳಿಗೆ ಹೆಚ್ಚು ಬೆಲೆಯಿತ್ತರು.

ಕನ್ನಡದ ಓದುಗನಿಗೆ ಇದು ಅಪರಿಚಿತ ಅನುಭವವಲ್ಲ. ಪಂಪನು ವ್ಯಾಸನ ಋಣವನ್ನು ತೆರೆದ ಮನಸ್ಸಿನಿಂದ ಒಪ್ಪಿ, ತಾನು ಇನ್ನೊಬ್ಬ ವ್ಯಾಸನೆಂಬ ಗರ್ವ ತನಗಿಲ್ಲವೆಂದು ಹೇಳಿಯೇ ಕಾವ್ಯಕ್ಕೆ ತೊಡಗುತ್ತಾನೆ. ಕಾಸರಗೋಡಿನ ತಾಳಮದ್ದಳೆಯ ಕೂಟಕ್ಕೆ ಬಂದು ಕುಳಿತವರಿಗೆ ವಾಲಿಯ ಅಂತ್ಯ ಮೊದಲೇ ಗೊತ್ತು. ಅವರು ಕಾದು ಕೇಳುವುದು ಆ ರಾತ್ರಿಯ ಅರ್ಥಧಾರಿ ವಾಲಿಯಿಂದ ಯಾವ ಹೊಸ ಪ್ರಶ್ನೆಯನ್ನು ಕೇಳಿಸುತ್ತಾನೆ ಎಂಬುದನ್ನು. ಅಲ್ಲಿ ಕತೆಯ ಸಾಮ್ಯ ದೋಷವಾಗುವುದಿಲ್ಲ, ಹೊಸ ಅರ್ಥ ಹುಟ್ಟದಿದ್ದರೆ ಅದೇ ದೋಷ. ಆದರೆ ಒಂದು ಎಚ್ಚರ ಅಗತ್ಯ. ಪುರಾಣಕಥೆ ಎಲ್ಲರ ಸೊತ್ತು. ಟೋಲ್ಕಿನ್‌ರ ಲೋಕ ಒಬ್ಬರ ಸೃಷ್ಟಿ. ಎರಡಕ್ಕೂ ಒಂದೇ ನ್ಯಾಯವನ್ನು ಅನ್ವಯಿಸಿದರೆ ಕಾರ್ಟರ್ ಅವರ ಆಕ್ಷೇಪದಲ್ಲಿರುವ ನೈತಿಕ ಪ್ರಶ್ನೆಯನ್ನು ಮರೆತಂತಾಗುತ್ತದೆ.

ಪ್ರತಿಕ್ರಿಯೆಯಿಂದ ವಿಮರ್ಶೆಗೆ

ಗಡಿನಾಡಿನ ಕನ್ನಡ ವಿದ್ಯಾರ್ಥಿ ಸಾಮಾನ್ಯವಾಗಿ ಎರಡು ಮೂರು ಭಾಷೆಗಳ ಓದುಗ. ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ಮೊದಲು ಕಂಡ ವಸ್ತುವನ್ನು ಆಮೇಲೆ ಕನ್ನಡ ಕೃತಿಯಲ್ಲಿ ಕಾಣುವ ಸಂದರ್ಭ ಅವನಿಗೂ ಅವಳಿಗೂ ಪದೇ ಪದೇ ಬರುತ್ತದೆ. ‘ಇದು ಅದರ ನಕಲು’ ಎಂಬ ಮಾತು ಅಂತಹ ಹೊತ್ತಿನಲ್ಲಿ ಸುಲಭವಾಗಿ ಬಾಯಿಗೆ ಬರುತ್ತದೆ. ಹೊಸ ಲೇಖಕರ ಪಾಲಿಗೆ ಆ ಒಂದು ಮಾತು ಬಹಳ ಭಾರವಾದುದು. ಆದುದರಿಂದ ಪ್ರತಿಕ್ರಿಯೆಯನ್ನು ಬರೆಯುವಾಗ ಮೂರು ಹಂತಗಳನ್ನು ಪಾಲಿಸುವುದು ಒಳ್ಳೆಯದು. ಓದುವಾಗ ಆದ ಅನುಭವವನ್ನು ಪ್ರಾಮಾಣಿಕವಾಗಿ ಹೇಳುವುದು ಮೊದಲನೆಯದು. ಆ ಅನುಭವವನ್ನು ಉಂಟುಮಾಡಿದ ಪ್ರಸಂಗ, ಪಾತ್ರ ಅಥವಾ ಭಾಷೆಯ ಬಳಕೆಯನ್ನು ಕೃತಿಯಿಂದಲೇ ತೋರಿಸುವುದು ಎರಡನೆಯದು. ಯಾವ ಹಿಂದಿನ ಓದಿನ ಬೆಳಕಿನಲ್ಲಿ ಹಾಗೆನಿಸಿತು ಎಂಬುದನ್ನು ಒಪ್ಪಿಕೊಳ್ಳುವುದು ಮೂರನೆಯದು. ಸಾದೃಶ್ಯವನ್ನು ತೋರಿಸುವುದು ಸುಲಭ. ಅದು ಯಾವ ಬಗೆಯ ಸಾದೃಶ್ಯವೆಂದು ನಿರ್ಧರಿಸುವುದೇ ಸಹೃದಯರ ಕೆಲಸ.

ಬ್ರೂಕ್ಸ್ ಮೊದಲ ಕೃತಿಯ ನಿಂದೆಗೆ ಬೆದರಿ ನಿಲ್ಲಲಿಲ್ಲ. 1982ರಲ್ಲಿ ಬಂದ ‘ದಿ ಎಲ್ಫ್‌ಸ್ಟೋನ್ಸ್ ಆಫ್ ಶನಾರಾ’ದಿಂದ ಮೊದಲ್ಗೊಂಡು ಅದೇ ಲೋಕದ ಕತೆಗಳನ್ನು ದಶಕಗಳ ಕಾಲ ಬರೆದರು. ಹೊಗಳಿದವರು ಮತ್ತು ತೆಗಳಿದವರು ಇಬ್ಬರೂ 1977ರಲ್ಲಿ ನೋಡಿದ್ದು ಒಂದು ಆರಂಭವನ್ನು ಮಾತ್ರ. ಚೊಚ್ಚಲ ಕೃತಿಯನ್ನು ಕುರಿತ ತೀರ್ಪು ಎಷ್ಟೇ ಸಮರ್ಥವಾಗಿದ್ದರೂ ಅದು ಆ ಕೃತಿಗೆ ಸಂಬಂಧಿಸಿದ ತೀರ್ಪು, ಲೇಖಕರ ಮುಂದಿನ ದಾರಿಗೆ ಹಾಕಿದ ಬೇಲಿಯಾಗಬಾರದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ‘ನಿರೀಕ್ಷೆಯ ದಿಗಂತ’ ಎಂದರೇನು? ‘ಶನಾರಾ’ ಕಾದಂಬರಿಯ ಸ್ವೀಕಾರವನ್ನು ಆಧರಿಸಿ ವಿವರಿಸಿ.

2. ಆನಂದವರ್ಧನನು ಹೇಳುವ ಮೂರು ಬಗೆಯ ಸಂವಾದಗಳಿಗೆ ಕನ್ನಡ ಕಾವ್ಯಗಳಿಂದ ಒಂದೊಂದು ಉದಾಹರಣೆಯನ್ನು ಹುಡುಕಿ, ನಿಮ್ಮ ಆಯ್ಕೆಯನ್ನು ಸಮರ್ಥಿಸಿ.

3. ಪುರಾಣಕಥೆಯ ಮರುನಿರೂಪಣೆಗೂ ಆಧುನಿಕ ಲೇಖಕರೊಬ್ಬರ ಸೃಷ್ಟಿಯ ಅನುಕರಣೆಗೂ ಇರುವ ವ್ಯತ್ಯಾಸವನ್ನು ಚರ್ಚಿಸಿ.

4. ನೀವು ಇತ್ತೀಚೆಗೆ ಓದಿದ ಒಂದು ಚೊಚ್ಚಲ ಕನ್ನಡ ಕೃತಿಯನ್ನು ಕುರಿತು, ಮೇಲೆ ಹೇಳಿದ ಮೂರು ಹಂತಗಳನ್ನು ಅನುಸರಿಸಿ, ಎರಡು ಪುಟಗಳ ಪ್ರತಿಕ್ರಿಯೆ ಬರೆಯಿರಿ. ಅದೇ ಕೃತಿಯನ್ನು ಓದಿದ ಸಹಪಾಠಿಯ ಬರಹದೊಡನೆ ಅದನ್ನು ಹೋಲಿಸಿ, ಭಿನ್ನಾಭಿಪ್ರಾಯದ ಮೂಲ ಕೃತಿಯಲ್ಲಿದೆಯೇ ಇಬ್ಬರ ಹಿಂದಿನ ಓದಿನಲ್ಲಿದೆಯೇ ಎಂಬುದನ್ನು ಗುರುತಿಸಿ.