ಪರೀಕ್ಷೆಯ ಶುಲ್ಕ ಕೊನೆಯ ಖರ್ಚಾಗಲಿ

ಸಿಂಧನೂರು ಸೀಮೆಯಲ್ಲಿ ಭತ್ತದ ದುಡ್ಡು ವರ್ಷಕ್ಕೆ ಹೆಚ್ಚೆಂದರೆ ಎರಡು ಸಲ ಮನೆಗೆ ಬರುತ್ತದೆ, ಅದೂ ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಬಿಟ್ಟರೆ. ಲಿಂಗಸುಗೂರು, ಮಸ್ಕಿ ಕಡೆಯ ತೊಗರಿಯದು ಒಂದೇ ಸಲ. ಕೋಚಿಂಗ್ ಫೀ ಮಾತ್ರ ಸುಗ್ಗಿಗೆ ಕಾಯುವುದಿಲ್ಲ. ಡೇಟಾ ಅನಲಿಸ್ಟ್ ಆಗಲು ಹೈದರಾಬಾದಿಗೋ ಬೆಂಗಳೂರಿಗೋ ಹೊರಟ ಮಗನಿಗಾಗಿ ದಲ್ಲಾಳಿ ಅಂಗಡಿಯಿಂದ 40,000 ರೂಪಾಯಿ ತಂದರೆ, ನೂರಕ್ಕೆ ಎರಡರಂತೆ ತಿಂಗಳಿಗೆ 800, ವರ್ಷಕ್ಕೆ 9,600 ಬಡ್ಡಿಯೇ ಆಯಿತು. ಮೈಕ್ರೋಸಾಫ್ಟ್‌ನ ದತ್ತಾಂಶ ವಿಶ್ಲೇಷಣೆಯ ತಂತ್ರಾಂಶವಾದ ಪವರ್ ಬಿಐನ ಪಿಎಲ್-300 ಪ್ರಮಾಣಪತ್ರ ಪರೀಕ್ಷೆಗೆ ಕೂರುವ ಮುಂಚೆ ನಾನು ಹಾಕಿದ ಮೊದಲ ಲೆಕ್ಕ ಇದು. ಸಾಲ ಮಾಡುವ ಅಗತ್ಯವೇ ಇಲ್ಲವೆಂಬುದು ಆಗಲೇ ಗೊತ್ತಾಯಿತು.

ಪವರ್ ಬಿಐ ಡೆಸ್ಕ್‌ಟಾಪ್ ಉಚಿತ. ವಿಂಡೋಸ್ ಇರುವ ಲ್ಯಾಪ್‌ಟಾಪ್ ಬೇಕು, ಅಷ್ಟೇ. ಮೈಕ್ರೋಸಾಫ್ಟ್ ಲರ್ನ್‌ನ ಪಾಠಗಳೂ ಅಭ್ಯಾಸ ಪರೀಕ್ಷೆಯೂ ಉಚಿತ. ಹಳೆಯ ಡಿಎ-100 ಪುಸ್ತಕ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ, 2022ರಲ್ಲೇ ಅದರ ಜಾಗಕ್ಕೆ ಪಿಎಲ್-300 ಬಂದಿದೆ. ‘ಬರುವ ಪ್ರಶ್ನೆಗಳು ಇವೇ’ ಎಂದು ಮಾರುವವರಿಗಂತೂ ಒಂದು ರೂಪಾಯಿಯೂ ಬೇಡ. ಸಿಕ್ಕಿಬಿದ್ದರೆ ಪ್ರಮಾಣಪತ್ರವೇ ರದ್ದಾಗುತ್ತದೆ.

ಪರೀಕ್ಷೆಯ ಕಾಲುಭಾಗದಷ್ಟು ಅಂಕ ದತ್ತಾಂಶವನ್ನು ಹಸನು ಮಾಡುವುದಕ್ಕೇ ಮೀಸಲು. ಅದನ್ನು ಕಲಿಯಲು ನಮ್ಮ ತಾಲ್ಲೂಕುಗಳಿಗಿಂತ ಒಳ್ಳೆಯ ಪಾಠಶಾಲೆ ನನಗೆ ಸಿಗಲಿಲ್ಲ. 2011ರ ಜನಗಣತಿಯಲ್ಲಿ ಮಸ್ಕಿ ತಾಲ್ಲೂಕೇ ಇಲ್ಲ, ಮಸ್ಕಿ ಊರು ಲಿಂಗಸುಗೂರು ತಾಲ್ಲೂಕಿನೊಳಗಿದೆ. ಹೊಸ ತಾಲ್ಲೂಕಿನ ಅಂಕಿಗಳನ್ನು ಹಳೆಯದರ ಪಕ್ಕ ಸುಮ್ಮನೆ ಇಟ್ಟರೆ ಲಿಂಗಸುಗೂರಿನಲ್ಲಿ ಜನ ದಿಢೀರನೆ ಕರಗಿಹೋದಂತೆ ಗ್ರಾಫ್ ತೋರಿಸುತ್ತದೆ. ಹಾಗಾಗಿ ಹಳ್ಳಿ ಮಟ್ಟದಿಂದ ಲೆಕ್ಕ ಕಟ್ಟಬೇಕು. ಇಂಗ್ಲಿಷಿನಲ್ಲಿ ಸಿಂಧನೂರಿನ ಹೆಸರಿಗೂ ಲಿಂಗಸುಗೂರಿನ ಹೆಸರಿಗೂ ಒಂದು ಕಡತದಲ್ಲಿ ‘ಎ’ ಇದ್ದರೆ ಇನ್ನೊಂದರಲ್ಲಿಲ್ಲ. ಆ ಒಂದಕ್ಷರಕ್ಕೆ ಎರಡು ಕೋಷ್ಟಕಗಳ ಕೊಂಡಿ ಕಳಚುತ್ತದೆ.

ಸರಾಸರಿಯ ಪಾಠ ಕಲಿತದ್ದು ಅಗ್‌ಮಾರ್ಕ್‌ನೆಟ್‌ನ ಮಾರುಕಟ್ಟೆ ಅಂಕಿಗಳಿಂದ. ಒಂದು ದಿನ 100 ಕ್ವಿಂಟಲ್ ಭತ್ತ 2,000 ರೂಪಾಯಿಗೆ, ಮರುದಿನ 900 ಕ್ವಿಂಟಲ್ 2,400ಕ್ಕೆ ಹೋಯಿತೆನ್ನಿ. ಎರಡು ದರ ಕೂಡಿ ಭಾಗಿಸಿದರೆ 2,200. ಆವಕವನ್ನೂ ಲೆಕ್ಕಕ್ಕೆ ಹಿಡಿದರೆ 2,360, ರೈತರ ಕೈಗೆ ನಿಜಕ್ಕೂ ಬಂದ ಸರಾಸರಿ ಅದು. ಪವರ್ ಬಿಐನ ಲೆಕ್ಕದ ಭಾಷೆಯಾದ ಡ್ಯಾಕ್ಸ್‌ನಲ್ಲಿ ಸಾಲು ಸಾಲಾಗಿ ಗುಣಿಸಿ ಕೂಡುವ ಸಮ್‌ಎಕ್ಸ್ ಸೂತ್ರ ಏಕೆ ಬೇಕೆಂಬುದು ಯಾವ ವಿಡಿಯೊ ನೋಡಿದರೂ ನನಗೆ ಇಷ್ಟು ಚೆನ್ನಾಗಿ ತಲೆಗೆ ಹತ್ತಿರಲಿಲ್ಲ.

ಶುಲ್ಕ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ 165 ಡಾಲರ್ ನೋಡಿ ಹೆದರಬೇಡಿ, ಭಾರತದ ದರ ಅದಕ್ಕಿಂತ ಸಾಕಷ್ಟು ಕಡಿಮೆ. ಕಾಲೇಜಿನಲ್ಲಿದ್ದರೆ ವಿದ್ಯಾರ್ಥಿ ರಿಯಾಯಿತಿ ಕೇಳಿ. ಅಭ್ಯಾಸ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸರಾಗವಾಗಿ ಪಾಸಾಗುವವರೆಗೆ ದುಡ್ಡು ಕಟ್ಟಬೇಡಿ. ತೇರ್ಗಡೆಗೆ 1,000ಕ್ಕೆ 700 ಬೇಕು, ತಪ್ಪಿದರೆ ಮರುಪರೀಕ್ಷೆಗೆ ಪೂರ್ತಿ ಶುಲ್ಕ ಮತ್ತೆ. ಮನೆಯಿಂದಲೂ ಬರೆಯಬಹುದು, ಆದರೆ ಕೋಣೆಯೊಳಗೆ ಯಾರೂ ಕಾಲಿಡುವಂತಿಲ್ಲ, ನೆಟ್ ಕಡಿಯಬಾರದು. ಕರೆಂಟಿನ ಭರವಸೆ ಇಲ್ಲದ ಊರಿನವರು ಬಸ್ ಚಾರ್ಜನ್ನೂ ಬಜೆಟ್ಟಿಗೆ ಸೇರಿಸಿ ಪರೀಕ್ಷಾ ಕೇಂದ್ರಕ್ಕೇ ಹೋಗುವುದು ಮೇಲು. ದಿನ ಬದಲಿಸಬೇಕೆಂದರೆ ಕನಿಷ್ಠ 24 ಗಂಟೆ ಮೊದಲೇ ಬದಲಿಸಿ, ಇಲ್ಲವಾದರೆ ಕಟ್ಟಿದ್ದು ವಾಪಸ್ ಬರುವುದಿಲ್ಲ. ಪ್ರಮಾಣಪತ್ರದ ಅವಧಿ ಒಂದೇ ವರ್ಷ. ನವೀಕರಣ ಉಚಿತ, ಅದನ್ನು ಮನೆಯಲ್ಲೇ ಕುಳಿತು ಮುಗಿಸಬಹುದು.

ಕೆಲಸ ಕೇಳಲು ಹೋಗುವಾಗ ಪ್ರಮಾಣಪತ್ರದ ಜೊತೆಗೆ ಆ ಭತ್ತದ ದರದ ಅಂಕಿಗಳಿಂದ ನೀವೇ ಕಟ್ಟಿದ ವರದಿಯನ್ನೂ ತೆರೆದು ತೋರಿಸಿ. ಅಕ್ಕಿ ಗಿರಣಿಯ ಮಾಲೀಕರಿಗೆ ಪಿಎಲ್-300 ಎಂದರೇನೆಂದು ತಿಳಿದಿರಲಿಕ್ಕಿಲ್ಲ. ಯಾವ ವಾರ ಆವಕ ಏರಿ ದರ ಇಳಿಯಿತು ಎಂಬುದನ್ನು ಮಾತ್ರ ಅವರು ಕುರ್ಚಿ ಮುಂದೆಳೆದುಕೊಂಡು ನೋಡುತ್ತಾರೆ.