ತಾಳೆಗರಿಯ ಚಿತ್ರ ಹಿಡಿಯುವ ಮುನ್ನ

ಅಟ್ಟದ ಮೇಲಿನ ತಾಳೆಗರಿ ಕಟ್ಟುಗಳನ್ನು ಕಂಪ್ಯೂಟರಿಗೆ ಏರಿಸಲು ಹೊರಟಿದ್ದೀಯಲ್ಲ ಮಗು, ಬಹಳ ಸಂತೋಷ. ಆದರೆ ಉಳಿದದ್ದನ್ನೆಲ್ಲ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಎಂಬ ಧೈರ್ಯ ಬೇಡ. ಚಿತ್ರದಲ್ಲಿ ಮಸುಕಾಗಿ ಬಂದದ್ದನ್ನು ಅದು ಎತ್ತಿ ತೋರಿಸಬಲ್ಲದು; ಬಾರದೇ ಹೋದದ್ದನ್ನು ಎಲ್ಲಿಂದಲೂ ತಂದುಕೊಡಲಾರದು.

• ಮೊದಲು ಬೆಳಕನ್ನು ನೋಡಿಕೊ. ಫ್ಲ್ಯಾಶ್ ಬೇಡವೇ ಬೇಡ. ಗರಿಯ ಮೇಲಿನ ಅಕ್ಷರ ಕಂಟವೆಂಬ ಮೊನಚು ಲೇಖನಿಯಿಂದ ಕೊರೆದದ್ದು, ಆ ಗೀರಿಗೆ ಮಸಿ ತುಂಬಿರುತ್ತಾರೆ. ಮಸಿ ಉದುರಿದ್ದರೂ ಗೀರು ಉಳಿದಿರುತ್ತದೆ. ದೀಪವನ್ನು ಪಕ್ಕಕ್ಕೆ ತಗ್ಗಿಸಿ ಓರೆ ಬೆಳಕು ಬಿಟ್ಟರೆ ಗೀರಿನೊಳಗೆ ನೆರಳು ನಿಂತು ಅಕ್ಷರ ಕಾಣುತ್ತದೆ. ಬೆಳಕು ಬರುವ ದಿಕ್ಕಿನಲ್ಲೇ ಸಾಗುವ ಗೀರು ಮಾತ್ರ ಅಡಗಿಬಿಡುತ್ತದೆ. ಅದಕ್ಕೇ ಕ್ಯಾಮೆರಾ ಕದಲಿಸದೆ, ದೀಪವನ್ನಷ್ಟೇ ಸರಿಸುತ್ತಾ ಮೂರು ನಾಲ್ಕು ಚಿತ್ರ ತೆಗೆ. ಸವೆದ ಶಾಸನದ ಕಲ್ಲಿಗೂ ಇದೇ ಉಪಾಯ.

• ಗರಿಯ ಕೆಳಗೆ ತಿಳಿನೀಲಿ ಕಾಗದ ಹಾಸು. ಕಪ್ಪು ಬಟ್ಟೆ ಹಾಸಿದರೆ ಹುಳು ಕೊರೆದ ತೂತು ಮಸಿ ತುಂಬಿದ ಸೊನ್ನೆಯ ಹಾಗೆ ಕಾಣುತ್ತದೆ. ನೀಲಿಯಾದರೆ ತೂತು ಯಾವುದು, ಅಕ್ಷರ ಯಾವುದು ಎಂದು ಕಂಪ್ಯೂಟರಿಗೂ ಗೊತ್ತಾಗುತ್ತದೆ.

• ಒಂದೂವರೆ ಅಡಿಯ ಗರಿಯನ್ನು ಇಂಚಿಗೆ 400 ಪಿಕ್ಸೆಲ್‌ನಂತೆ ಹಿಡಿಯಲು ಉದ್ದಕ್ಕೇ 7200 ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಫೋನು ಕೊಡುವುದು ಸುಮಾರು 4000. ಜೂಮ್ ಮಾಡಿದರೆ ಈ ಕೊರತೆ ತುಂಬದು. ಮೂರು ತುಂಡಾಗಿ, ಅಂಚುಗಳು ಒಂದರ ಮೇಲೊಂದು ಧಾರಾಳವಾಗಿ ಬರುವಂತೆ ತೆಗೆದು ಆಮೇಲೆ ಜೋಡಿಸು.

• ಮೂಲಚಿತ್ರವನ್ನು ಟಿಫ್‌ನಲ್ಲಿ ಇಡು, ಮುಟ್ಟಬೇಡ. ತಿದ್ದುವುದೆಲ್ಲ ನಕಲಿನ ಮೇಲೆ. ಜೆಪೆಗ್ ಬೇಡ, ಅದು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಸೂಕ್ಷ್ಮ ವಿವರಗಳನ್ನು ಕೈಬಿಟ್ಟು ಕುಗ್ಗಿಸುತ್ತದೆ. ಕೊಂಬು, ಒತ್ತಕ್ಷರಗಳ ತೆಳು ಗೀರು ಮೊದಲು ಹಾಳಾಗುವುದು ಅಲ್ಲೇ.

• ಕಪ್ಪುಬಿಳುಪು ಮಾಡುವಾಗ ಇಡೀ ಗರಿಗೆ ಒಂದೇ ಥ್ರೆಶೋಲ್ಡ್, ಅಂದರೆ ಕಪ್ಪುಬಿಳುಪು ಬೇರ್ಪಡಿಸುವ ಒಂದೇ ಗೆರೆ, ಕೊಡಬೇಡ. 1979ರಲ್ಲಿ ಜಪಾನಿನ ಒಟ್ಸು ಕೊಟ್ಟ, ಇಡೀ ಚಿತ್ರಕ್ಕೆ ಒಂದೇ ಗೆರೆ ಎಳೆಯುವ ವಿಧಾನ ಅಚ್ಚಾದ ಪುಟಕ್ಕೆ ಬಲು ಚೆನ್ನ. ನಮ್ಮ ಗರಿಯೋ, ಒಂದು ತುದಿ ಹೊಗೆಗೆ ಕಪ್ಪಾಗಿರುತ್ತದೆ, ನಡುಭಾಗ ಹಳದಿಯಾಗಿರುತ್ತದೆ. ಸುತ್ತಲಿನ ಭಾಗವನ್ನಷ್ಟೇ ನೋಡಿ ಗೆರೆ ಎಳೆಯುವ ಸೌವೊಲ ವಿಧಾನ ಇಂಥದ್ದಕ್ಕೆ ಹೊಂದುತ್ತದೆ. ಇದಕ್ಕೆ ಉಚಿತವಾಗಿ ಸಿಗುವ ಇಮೇಜ್‌ಜೆ ಎಂಬ ಸಾಫ್ಟ್‌ವೇರ್ ಸಾಕು.

• ಚುಕ್ಕೆ ಅಳಿಸುವ ಮೀಡಿಯನ್ ಫಿಲ್ಟರನ್ನು ಕೈ ಬಿಗಿಹಿಡಿದು ಬಳಸು. ದೂಳಿನ ಜೊತೆ ಅನುಸ್ವಾರವನ್ನೂ ಅದು ನುಂಗೀತು.

• ಎಐ ಹಾಕಿ ಚಿತ್ರ ಚಂದ ಮಾಡುವ ಆ್ಯಪ್‌ಗಳನ್ನು ಈ ಕೆಲಸದ ಹತ್ತಿರ ಸೇರಿಸಬೇಡ. ಈ ಮಾತಿನಲ್ಲಿ ನಾನು ಕಟ್ಟುನಿಟ್ಟು. ಒಡೆದ ಜಾಗದಲ್ಲಿ ಅದು ತನಗೆ ತೋಚಿದ ಗೆರೆ ಬರೆಯುತ್ತದೆ, ನಾಳೆ ಓದುವವರು ಅದನ್ನೇ ಲಿಪಿಕಾರ ಬರೆದದ್ದೆಂದು ನಂಬುತ್ತಾರೆ. ಓದಲಾಗದ ಅಕ್ಷರ ಓದಲಾಗದ ಹಾಗೇ ಇರಲಿ.

• ಪೂರ್ತಿ ಕಪ್ಪಾದ ಗರಿಯನ್ನೂ ಎಸೆಯಬೇಡ. ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಹಳೆಯ ತಾಳೆಗರಿ ಪ್ರತಿಯನ್ನು ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಚಿತ್ರೀಕರಿಸಿದ್ದು ಇನ್ಫ್ರಾರೆಡ್ ಬೆಳಕಿನಲ್ಲಿ, ತುಂಡು ತುಂಡಾಗಿ ಹಿಡಿದು ಜೋಡಿಸಿ. ಕಣ್ಣಿಗೆ ಗರಿ, ಮಸಿ ಎರಡೂ ಕಪ್ಪಾಗಿ ಕಂಡರೂ ಆ ಬೆಳಕಿನಲ್ಲಿ ಗರಿ ತಿಳಿಯಾಗುತ್ತದೆ, ಮಸಿಯ ಇಂಗಾಲ ಕಪ್ಪಾಗಿಯೇ ಉಳಿಯುತ್ತದೆ. ಅಂಥ ಗರಿಗಳನ್ನು ಬೇರೆ ಕಟ್ಟಿ ಇಡು.

• ಗರಿ ಮೆದುವಾಗಲೆಂದು ಎಣ್ಣೆ, ಅಕ್ಷರ ಕಾಣಲೆಂದು ಮಸಿ ಸವರುವುದನ್ನು ಬಲ್ಲವರಿಗೇ ಬಿಡು.

• ಪ್ರತಿ ಚಿತ್ರದಲ್ಲಿ ಅಳತೆಪಟ್ಟಿಯೂ ಗರಿಯ ಸಂಖ್ಯೆಯೂ ಬರಲಿ. ಫೈಲಿನ ಹೆಸರಲ್ಲಿ ಕಟ್ಟು, ಗರಿ, ಮುಂಬದಿಯೋ ಹಿಂಬದಿಯೋ ಎಂಬುದಿರಲಿ. ಚಿತ್ರಗಳ ಒಂದು ಪ್ರತಿಯನ್ನು ಬೇರೆ ಊರಿನಲ್ಲಿಡು. ಇನ್ನೊಂದನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೆ ತೋರಿಸು, ಹಳೆಯ ಲಿಪಿ ಓದುವವರು ಅಲ್ಲಿ ಸಿಗುತ್ತಾರೆ.